ಸೀರೆ ಬಣ್ಣ ಯಾವುದು ಅಂತ ಕೇಳದೇ ಟಿವಿ ನೋಡೋದು

ಮೈಸೂರಿನ ಒಂದು ಕಾಲೇಜಲ್ಲಿ ಪತ್ರಿಕೋದ್ಯಮ ಓದ್ತಿರೋ ಮಕ್ಕಳ ಮುಂದೆ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ನಾನೇ ಟೈಪ್ ಮಾಡಿದೀನಿ, ಅವತ್ತು ಹೇಳೋಕೆ ಮರೆತಿದ್ದ ಒಂದೆರಡು ವಿಷಯ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ನಾನು ಟಿವಿ ಫೀಲ್ಡಿನವನಲ್ಲ, ಬ್ಯಾಂಕಲ್ಲಿ ಕೆಲಸ. ನಿಮ್ಮ ಮೇಡಂ ಫೋನ್ ಮಾಡಿ "ಕಣ್ಣು ಕಾಣದವರು ಟಿವಿ ಹೇಗೆ ನೋಡ್ತಾರೆ ಅಂತ ನಮ್ಮ ಮಕ್ಕಳಿಗೆ ಸ್ವಲ್ಪ ಹೇಳ್ತೀರಾ" ಅಂದ್ರು, ನಾನು ತಕ್ಷಣ ಹೂಂ ಅಂದೆ. ಯಾಕಂದ್ರೆ ಇನ್ನೆರಡು ಮೂರು ವರ್ಷಕ್ಕೆ ನಿಮ್ಮಲ್ಲಿ ಸುಮಾರು ಜನ ಯಾವುದೋ ಚಾನೆಲ್ ಡೆಸ್ಕಲ್ಲೋ, ಎಡಿಟಿಂಗ್ ರೂಮಲ್ಲೋ, ಸೀರಿಯಲ್ ಸೆಟ್ಟಲ್ಲೋ ಇರ್ತೀರ, ಮತ್ತೆ ನಾನು ಮನೇಲಿ ಸೋಫಾ ಮೇಲೆ ಕೂತು ನೀವು ಮಾಡಿದ್ದನ್ನೇ ಕೇಳ್ತಿರ್ತೀನಿ.

ನನಗಿರೋದು ಆರ್‌ಪಿ, ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ರಾತ್ರಿ ಹೊತ್ತು ಕಾಣಲ್ಲ, ಆಮೇಲೆ ಅಕ್ಕಪಕ್ಕದ್ದು ಕಾಣಲ್ಲ, ಕೊನೆಗೆ ಕೊಳವೆ ಒಳಗಿಂದ ನೋಡಿದ ಹಾಗೆ ಮಧ್ಯದ್ದು ಒಂಚೂರು ಉಳ್ಕೊಳ್ಳುತ್ತೆ. ಇಪ್ಪತ್ತೆಂಟನೇ ವಯಸ್ಸಿಗೆ ನನಗೆ ಅದೂ ಹೋಯ್ತು. ಈಗ ಲೈಟ್ ಹಾಕಿದೆಯಾ ಇಲ್ವಾ ಅನ್ನೋದು ಗೊತ್ತಾಗುತ್ತೆ, ಅಷ್ಟೇ.

ನಾವು ಅರಸೀಕೆರೆಯವರು. ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರ್ತಿತ್ತಲ್ಲ, ನಮ್ಮ ಬೀದಿಗೆ ಟಿವಿ ಇದ್ದಿದ್ದು ಎರಡೇ ಮನೇಲಿ, ಹಾಗಾಗಿ ನಡುಮನೆ ತುಂಬ ಜನ ಕೂರೋರು. ನಾನು ಮುಂದೆ, ಪರದೆಗೆ ಮೂಗು ತಾಗೋ ಹಾಗೆ. ನಮ್ಮಕ್ಕ ನನ್ನ ಪಕ್ಕ. ಅವಳು ನನಗಿಂತ ಐದು ವರ್ಷ ದೊಡ್ಡೋಳು, ನನಗೆ ಪೂರ್ತಿ ಕಾಣಲ್ಲ ಅಂತ ಮನೇಲಿ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ಅವಳಿಗೆ. ಕಿವಿ ಹತ್ರ ಬಾಯಿಟ್ಟು ಪಿಸುಪಿಸು ಹೇಳ್ತಿದ್ಲು. "ಈಗ ಕಾಗದ ಹರಿದಾಕಿದ." "ಅವಳು ಕಂಬದ ಹಿಂದೆ ನಿಂತ್ಕೊಂಡು ಕೇಳಿಸ್ಕೊಳ್ತಿದಾಳೆ." "ಹಸಿರು ಸೀರೆ, ಕೆಂಪಂಚು." ಸೀರೆ ಬಣ್ಣ ಅಂಚಿನ ಸಮೇತ ಹೇಳದೇ ಇದ್ದ ದಿನ ಇಲ್ಲ, ಅದು ಅವಳ ಇಷ್ಟದ ವಿಷಯ. ಹಿಂದೆ ಕೂತೋರು ಯಾರಾದ್ರೂ "ಏಯ್ ಸುಮ್ನಿರೇ" ಅನ್ನೋರು, ಒಂದು ನಿಮಿಷ ಸುಮ್ನಿದ್ದು ಮತ್ತೆ ಶುರು.

ಆಮೇಲೆ ಅವಳಿಗೆ ಮದುವೆ ಆಗಿ ಚಿಕ್ಕಮಗಳೂರಿಗೆ ಹೋದ್ಲು. ನನ್ನ ಕಣ್ಣು ಹೋಗಿದ್ದು ನಿಧಾನಕ್ಕೆ, ಟಿವಿ ಹೋಗಿದ್ದು ಮಾತ್ರ ಒಂದೇ ದಿನ.

ನನ್ನ ಥರದವರ ಪ್ರತಿ ಮನೇಲೂ ಹೀಗೆ ಒಬ್ರು ಇರ್ತಾರೆ. ಹೆಂಡ್ತಿ, ಮಗ, ಅಮ್ಮ, ಹಾಸ್ಟೆಲ್ ಆದ್ರೆ ರೂಮಲ್ಲಿರೋ ಸ್ವಲ್ಪ ಕಾಣೋ ಹುಡುಗ. ಅವರು ಪ್ರೀತಿಯಿಂದಾನೇ ಹೇಳ್ತಾರೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅವರಿಗೆ ಹಸಿವಾಗುತ್ತೆ, ನಿದ್ದೆ ಬರುತ್ತೆ, ಪರೀಕ್ಷೆ ಇರುತ್ತೆ, ಅಥವಾ ಸೀನು ಅಷ್ಟು ಚೆನ್ನಾಗಿದ್ದು ಅವರೇ ಮೈಮರೆತು ನೋಡ್ತಿರ್ತಾರೆ, ಅಂಥ ಹೊತ್ತಲ್ಲಿ "ಏನಾಯ್ತು, ಏನಾಯ್ತು" ಅಂತ ಅವರ ಕೈ ಅಲ್ಲಾಡ್ಸೋಕೆ ನಮಗೆ ಸಂಕೋಚ ಆಗುತ್ತೆ, ಮೂರು ಸಲ ಕೇಳಿ ನಾಲ್ಕನೇ ಸಲ ಸುಮ್ನಾಗ್ತೀವಿ, ಅರ್ಥ ಆದೋರ ಹಾಗೆ ನಗ್ತೀವಿ. ಈ ಸಂಕೋಚ ಹೋಗ್ಬೇಕು ಅನ್ನೋದೇ ಇವತ್ತು ನಾನು ಹೇಳೋಕೆ ಬಂದಿರೋದು. ನಮ್ಮಕ್ಕ ಕಿವಿಯಲ್ಲಿ ಹೇಳ್ತಿದ್ದದ್ದು ಕಾರ್ಯಕ್ರಮದ ಜೊತೇಲೇ ಬರ್ಬೇಕು, ಯಾರ ಹತ್ರನೂ ಕೇಳಿ ಪಡ್ಕೊಳ್ಳೋ ಉಪಕಾರ ಆಗಿರಬಾರದು.

ಈಗ ನಿಮಗೊಂದು ಸೀರಿಯಲ್ಲಿನ ಒಂದು ನಿಮಿಷದ ಆಡಿಯೋ ಹಾಕ್ತೀನಿ, ಚಿತ್ರ ಇಲ್ಲ. (ಹಾಕಿದೆ. ಬಾಗಿಲ ಸದ್ದು, ಗೆಜ್ಜೆ, ಒಬ್ಬಳು "ನೀನಾ?" ಅಂತಾಳೆ, ಆಮೇಲೆ ಢಂ ಅಂತ ಮ್ಯೂಸಿಕ್, ಮತ್ತೆ ಢಂ, ಮತ್ತೆ ಢಂ, ಏನೋ ಬಿದ್ದು ಒಡೆದ ಸದ್ದು, ಮುಗೀತು.) ಏನಾಯ್ತು ಹೇಳಿ? ಒಬ್ರು ಅಂತಾರೆ ಗಂಡ ವಾಪಸ್ ಬಂದ. ಇನ್ನೊಬ್ರು ಅತ್ತೆ ಬಂದ್ರು ಅಂತಾರೆ. ಅಲ್ಲಿ ಹಿಂದಿಂದ ದೆವ್ವ ಅಂದ್ರು, ಅದೂ ತಪ್ಪು ಅಂತ ಹೇಳೋಕಾಗಲ್ಲ. ನನ್ನ ಹೆಂಡ್ತಿ ಹೇಳಿದ ಪ್ರಕಾರ ಬಂದಿದ್ದು ಸತ್ತೋದ್ಲು ಅಂದ್ಕೊಂಡಿದ್ದ ತಂಗಿ, ಬಿದ್ದಿದ್ದು ಇಬ್ರೂ ಒಟ್ಟಿಗಿರೋ ಫೋಟೋ. ಮೂರು ಢಂಗೆ ಮೂರು ಮುಖ ತೋರಿಸ್ತಾರಂತೆ. ಆ ಮೂರು ಮುಖದಲ್ಲೇ ಅವತ್ತಿನ ಕಥೆ ಎಲ್ಲಾ ಇದೆ, ನಮ್ಮ ಕಿವಿಗೆ ಬಂದಿದ್ದು ಮೂರು ಢಂ.

ಇದಕ್ಕೆ ಪರಿಹಾರ ಯಾವತ್ತೋ ಸಿಕ್ಕಿದೆ. ಹೆಸರು ಆಡಿಯೋ ಡಿಸ್ಕ್ರಿಪ್ಷನ್, ನಾವು ನಾವು ಮಾತಾಡ್ಕೊಳ್ವಾಗ ಎಡಿ ಅಂತೀವಿ, ಕನ್ನಡದಲ್ಲಿ ಧ್ವನಿ ವಿವರಣೆ ಅನ್ನಬಹುದು. ಮಾತು ಮಾತಿನ ನಡುವೆ ಖಾಲಿ ಜಾಗ ಇರುತ್ತಲ್ಲ, ಅಲ್ಲಿ ಒಂದು ದನಿ ಬಂದು ಪರದೆ ಮೇಲೆ ಏನಾಗ್ತಿದೆ ಅಂತ ಚುಟುಕಾಗಿ ಹೇಳುತ್ತೆ. ಬೇಕಾದೋರು ಆ ಆಡಿಯೋ ಆರಿಸ್ಕೊಳ್ಳೋದು, ಬೇಡದವರಿಗೆ ಕೇಳಿಸೋದೇ ಇಲ್ಲ.

ಇದು ಹುಟ್ಟಿದ ಕಥೆ ನನಗೆ ತುಂಬ ಹತ್ತಿರದ್ದು. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗ್ರೆಗರಿ ಫ್ರೇಜರ್ ಅನ್ನೋರು ಕಣ್ಣು ಕಾಣದ ಸ್ನೇಹಿತರೊಬ್ರ ಜೊತೆ ಟಿವಿಯಲ್ಲಿ ಒಂದು ಸಿನಿಮಾ ನೋಡ್ತಾ ಅವರಿಗೆ ಹೇಳ್ತಾ ಕೂತಿದ್ರು, ನಮ್ಮಕ್ಕನ ಥರಾನೇ, ಅಲ್ಲಿಂದ ಈ ಯೋಚನೆ ಹತ್ತಿ ಅದನ್ನೇ ಯೂನಿವರ್ಸಿಟಿಯಲ್ಲಿ ತಮ್ಮ ಪ್ರಬಂಧಕ್ಕೆ ತಗೊಂಡ್ರು. ಇನ್ನೊಂದ್ ಕಡೆ ವಾಷಿಂಗ್ಟನ್‌ನಲ್ಲಿ ಮಾರ್ಗರೆಟ್ ಫಾನ್‌ಸ್ಟೀಲ್ ಅಂತ ಒಬ್ರು, ಅವರಿಗೂ ನನಗಿರೋ ಆರ್‌ಪಿನೇ, ಕಾಣದವರಿಗೆ ಪೇಪರ್ ಓದಿ ಹೇಳೋ ರೇಡಿಯೋ ಸೇವೆ ನಡೆಸ್ತಿದ್ರು. ಅಲ್ಲಿನ ಅರೀನಾ ಸ್ಟೇಜ್ ಅನ್ನೋ ರಂಗಮಂದಿರದವರ ಜೊತೆ ಸೇರ್ಕೊಂಡು 1981ರಲ್ಲಿ ಅವರು, ಆಮೇಲೆ ಅವರ ಗಂಡ ಆದ ಕೋಡಿ ಇಬ್ರೂ ನಾಟಕಕ್ಕೆ ವಿವರಣೆ ಕೊಡೋಕೆ ಶುರು ಮಾಡಿದ್ರು. 1990ಕ್ಕೆ ಬಾಸ್ಟನ್‌ನ ಡಬ್ಲ್ಯೂಜಿಬಿಎಚ್ ಸ್ಟೇಷನ್ ಟಿವಿಯಲ್ಲಿ ಇದನ್ನ ಖಾಯಂ ಸೇವೆ ಮಾಡ್ತು. ಅಂದ್ರೆ ನಾನು ಅರಸೀಕೆರೆಯಲ್ಲಿ ಅಕ್ಕನ ಪಿಸುಮಾತು ಕೇಳ್ತಿದ್ದ ಕಾಲಕ್ಕೇ ಅಲ್ಲೊಬ್ರು ಅದನ್ನ ಮೈಕಲ್ಲಿ ಹೇಳ್ತಿದ್ರು. ಇದು ಗೊತ್ತಾದ ದಿನ ನನಗೆ ಖುಷಿನೂ ಆಯ್ತು, ಹೊಟ್ಟೆ ಒಳಗೆ ಏನೋ ಸಂಕಟನೂ ಆಯ್ತು.

ಆದ್ರೆ ಅವರಿಗೂ ಸುಮ್ನೆ ಸಿಗಲಿಲ್ಲ. ಅಮೆರಿಕದಲ್ಲಿ ಚಾನೆಲ್‌ಗಳು ಎಡಿ ಕೊಡಬೇಕು ಅಂತ 2000ದಲ್ಲಿ ಮಾಡಿದ ನಿಯಮನ ಚಾನೆಲ್ ಕಡೆಯವರು ಕೋರ್ಟಿಗೆ ಹೋಗಿ 2002ರಲ್ಲಿ ರದ್ದು ಮಾಡಿಸಿದ್ರು. ನಿಯಮ ಮಾಡೋ ಅಧಿಕಾರ ಕೊಡೋ ಕಾನೂನೇ ಬೇಕು ಅಂತಾಗಿ, ಅದು ಬಂದಿದ್ದು 2010ರಲ್ಲಿ, ದೊಡ್ಡ ಊರುಗಳ ಮುಖ್ಯ ಚಾನೆಲ್‌ಗಳು ಮೂರು ತಿಂಗಳಿಗೆ 50 ಗಂಟೆ ಎಡಿ ಕೊಡಲೇಬೇಕು ಅಂತ ಜಾರಿ ಆಗಿದ್ದು 2012ರ ಜುಲೈಗೆ. ಬ್ರಿಟನ್‌ನಲ್ಲಿ ಕಾನೂನು ಕೇಳೋದು ಕಾರ್ಯಕ್ರಮಗಳಲ್ಲಿ ನೂರಕ್ಕೆ ಹತ್ತು, ಬಿಬಿಸಿ ಥರ ದೊಡ್ಡವರು ತಾವಾಗೇ ನೂರಕ್ಕೆ ಇಪ್ಪತ್ತು ಕೊಡ್ತೀವಿ ಅಂತ ಒಪ್ಕೊಂಡಿದಾರೆ. 2015ರಲ್ಲಿ ನೆಟ್‌ಫ್ಲಿಕ್ಸ್‌ನವರು ಡೇರ್‌ಡೆವಿಲ್ ಅಂತ ಸರಣಿ ಬಿಟ್ರು, ಅದರ ಹೀರೋಗೆ ಕಣ್ಣು ಕಾಣಲ್ಲ, ಕಣ್ಣು ಕಾಣದವರಿಗೆ ಆ ಸರಣಿ ನೋಡೋಕೆ ಎಡಿ ಇರಲಿಲ್ಲ. ಜನ ಗಟ್ಟಿಯಾಗಿ ಕೇಳಿದ್ರು, ಒಂದು ವಾರ ಆಗೋದ್ರೊಳಗೆ ಎಡಿ ಬಂತು. ಕೇಳಿದ್ರೆ ಅಷ್ಟು ಬೇಗ ಆಗುತ್ತೆ, ಯಾರೂ ಕೇಳದೇ ಇದ್ರೆ ವರ್ಷಗಟ್ಟಲೆ ಆಗಲ್ಲ.

ಕನ್ನಡದಲ್ಲಿ ಎಡಿ ಹೇಗಿರ್ಬೇಕು ಅನ್ನೋದು ನನಗೆ ಇಷ್ಟದ ವಿಷಯ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ತೀನಿ. ನಾವು ನಾಲ್ಕೈದು ಸ್ನೇಹಿತರು ಸೇರಿ ಕಿರುಚಿತ್ರಗಳಿಗೆ ಬರೆದು ನೋಡ್ತೀವಿ, ಇಬ್ರಿಗೆ ಕಣ್ಣು ಕಾಣುತ್ತೆ, ಅವರು ಬರೀತಾರೆ, ನಾವು ಕೇಳಿ ಎಲ್ಲಿ ಅರ್ಥ ಆಗಲಿಲ್ಲ, ಎಲ್ಲಿ ಜಾಸ್ತಿ ಆಯ್ತು ಅಂತ ಹೇಳ್ತೀವಿ. ಕಾಣದವರು ಕೇಳಿ ಒಪ್ಪದೇ ಎಡಿ ಹೊರಗೆ ಬಿಡಬಾರದು, ಇದನ್ನ ಬರ್ಕೊಳ್ಳಿ.

ಮೊದಲ ಕಷ್ಟ ಜಾಗ. ಐದು ಸೆಕೆಂಡ್ ಖಾಲಿ ಸಿಕ್ರೆ ಕನ್ನಡದಲ್ಲಿ ಎಂಟು ಒಂಬತ್ತು ಪದ ಹಿಡಿಸೋದೇ ಹೆಚ್ಚು, ನಮ್ಮ ಪದಗಳು ಉದ್ದ. ಆದ್ರೆ ಕನ್ನಡ ನಮಗೊಂದು ಸೌಕರ್ಯನೂ ಕೊಟ್ಟಿದೆ. "ಬಾಗಿಲಲ್ಲಿ ನಿಲ್ತಾಳೆ" ಅಂದ್ರೆ ಸಾಕು, ಅವಳು ಅಂತ ಬೇರೆ ಹೇಳ್ಬೇಕಿಲ್ಲ, ಹೆಣ್ಣು ಅಂತ ಕ್ರಿಯಾಪದನೇ ಹೇಳ್ತು. "ನಿಲ್ತಾರೆ" ಅಂದ್ರೆ ದೊಡ್ಡೋರು ಯಾರೋ ಬಂದ್ರು ಅಂತಲೂ ಗೊತ್ತಾಗುತ್ತೆ. ಒಂದು ಪದದಲ್ಲಿ ಇಷ್ಟೆಲ್ಲಾ ಬಂತು. ಆದ್ರೆ ಸೀನಲ್ಲಿ ಅಕ್ಕ ತಂಗಿ ಇಬ್ರೂ ಇದ್ರೆ "ನಿಲ್ತಾಳೆ" ಸಾಕಾಗಲ್ಲ, ಹೆಸರು ಹೇಳಲೇಬೇಕು, ಹೊಸಬರು ಎಡವೋದು ಇಲ್ಲೇ.

ಎರಡನೇದು, ಕಂಡಿದ್ದನ್ನ ಹೇಳ್ಬೇಕು, ಅರ್ಥ ಹೇಳಬಾರದು. "ಸಿಟ್ಟಾಗ್ತಾಳೆ" ಅಂತ ನೀವು ಹೇಳ್ಬಿಟ್ರೆ ನಾನು ಯೋಚ್ನೆ ಮಾಡೋಕೆ ಏನೂ ಉಳೀಲಿಲ್ಲ. "ಸೆರಗು ಸೊಂಟಕ್ಕೆ ಸಿಗಿಸ್ತಾಳೆ" ಅನ್ನಿ, ಕನ್ನಡದೋರಿಗೆ ಮುಂದಿಂದು ತಾನಾಗೇ ಗೊತ್ತಾಗುತ್ತೆ. "ತಟ್ಟೆ ಅತ್ತ ತಳ್ತಾನೆ" ಅನ್ನಿ. ಆದ್ರೆ ಇದನ್ನ ಕಟ್ಟುನಿಟ್ಟಾಗಿ ಹಿಡ್ಕೊಂಡು ಕೂರೋದೂ ಸರಿ ಅಲ್ಲ ಅಂತ ನನ್ನ ಅಭಿಪ್ರಾಯ, ಒಂದೂವರೆ ಸೆಕೆಂಡ್ ಮಾತ್ರ ಇದ್ದಾಗ "ಅಳು ನುಂಗ್ತಾಳೆ" ಅಂತ ಹೇಳಿದ್ರೆ ನನಗೇನೂ ಬೇಜಾರಿಲ್ಲ.

ಮೂರನೇದು ಯಾವ ಕನ್ನಡ ಅನ್ನೋದು. ಒಬ್ರು ಬರೆದಿದ್ರು, "ಆಕೆ ಕಿಟಕಿಯಿಂದ ಹೊರಗಡೆ ವೀಕ್ಷಿಸುತ್ತಾಳೆ" ಅಂತ. ಹಳ್ಳಿ ಮನೆ ಸೀನು, ಪಾತ್ರಗಳೆಲ್ಲ ಮಂಡ್ಯದ ಮಾತಾಡ್ತಿದಾರೆ, ಮಧ್ಯೆ ಈ ವೀಕ್ಷಿಸುತ್ತಾಳೆ ಬಂತು ಅಂದ್ರೆ ಸಿನಿಮಾ ಒಳಗೆ ಸರ್ಕಾರಿ ಪ್ರಕಟಣೆ ಬಂದ ಹಾಗಾಗುತ್ತೆ. "ಕಿಟಕಿಯಾಚೆ ನೋಡ್ತಾಳೆ", ಮುಗೀತು. ವಸ್ತುಗಳಿಗೆ ಆ ಸೀಮೆಯ ಹೆಸರೇ ಇರಲಿ, ಧಾರವಾಡದ ಮನೆ ಆದ್ರೆ ಪಡಸಾಲೆ, ಮಲೆನಾಡಾದ್ರೆ ಜಗಲಿ. ಆ ಒಂದು ಪದ ಕೇಳಿದ ತಕ್ಷಣ ನನ್ನ ತಲೆ ಒಳಗೆ ಮನೆ ಎದ್ದು ನಿಲ್ಲುತ್ತೆ.

ನಮಗೆ ಇದು ಹೊಸ ವಿದ್ಯೆ ಅಂತ ಅನ್ಕೋಬೇಡಿ. ತಾಳಮದ್ದಳೆ ಕೇಳಿದೀರಾ ಯಾರಾದ್ರೂ? ಕೈ ಎತ್ತಿದ್ರೆ ನನಗೆ ಕಾಣಲ್ಲ, ಬಾಯಲ್ಲಿ ಹೇಳಿ. ಮೂರು ನಾಲ್ಕು ಜನ. ಯಕ್ಷಗಾನದ್ದೇ ಪ್ರಸಂಗ, ಆದ್ರೆ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಹಾಡು, ಚೆಂಡೆ ಮದ್ದಳೆ, ಆಮೇಲೆ ಅರ್ಥಧಾರಿಗಳು ಕೂತಲ್ಲೇ ಮಾತಲ್ಲಿ ಕೌರವನ ಸಭೆನೂ ಕಟ್ತಾರೆ ಯುದ್ಧನೂ ಮಾಡ್ತಾರೆ. ಅಲ್ಲಿ ಕಾಣೋರಿಗೆ ಸಿಕ್ಕಿದ್ದು, ನನಗೆ ಸಿಕ್ಕಿದ್ದು ಎರಡೂ ಒಂದೇ. ಮಳೆಗಾಲದಲ್ಲಿ ಕರಾವಳಿ ಕಡೆ ಹೋದಾಗ ರಾತ್ರಿ ಪೂರ್ತಿ ಕೂತು ಕೇಳಿದೀನಿ, ಒಂದೇ ಒಂದು ಸಲನೂ ಪಕ್ಕದವರನ್ನ ಏನಾಯ್ತು ಅಂತ ಕೇಳೋ ಪ್ರಸಂಗ ಬರಲಿಲ್ಲ. ಮಾತಲ್ಲೇ ಕಾಣಿಸೋದು ಇಷ್ಟು ಚೆನ್ನಾಗಿ ಗೊತ್ತಿರೋ ಭಾಷೆ ಇದು, ಟಿವಿಗೆ ಬಂದ ಕೂಡ್ಲೇ ಯಾಕೆ ಬಾಯಿ ಕಟ್ಟಿ ಹೋಗುತ್ತೆ?

ಎಡಿ ಬರೋಕೆ ದುಡ್ಡು ಬೇಕು, ತರಬೇತಿ ಬೇಕು, ಒಪ್ತೀನಿ. ಆದ್ರೆ ನಾಳೆನೇ ಒಂದು ರೂಪಾಯಿ ಖರ್ಚಿಲ್ಲದೇ ಮಾಡಬಹುದಾದ್ದು ಬೇಕಾದಷ್ಟಿದೆ, ಅದನ್ನ ಮಾಡಬೇಕಾದೋರು ನೀವೇ.

"ಪರದೆ ಮೇಲೆ ಕಾಣ್ತಿರೋ ನಂಬರಿಗೆ ಕರೆ ಮಾಡಿ." ಈ ಒಂದು ವಾಕ್ಯ ದಿನಕ್ಕೆ ಎಷ್ಟು ಸಲ ಕೇಳ್ತೀವಿ. ಡಾಕ್ಟರ್ ಫೋನ್ ಇನ್, ಕೃಷಿ ಕಾರ್ಯಕ್ರಮ, ಪ್ರವಾಹದ ಸಹಾಯವಾಣಿ, ಎಲ್ಲದ್ರಲ್ಲೂ. ಹತ್ತು ಅಂಕಿ ಓದೋಕೆ ಐದು ಸೆಕೆಂಡ್, ಓದ್ಬಿಡಿ. ಗ್ಲುಕೋಮಾ ಬಗ್ಗೆ ಕಣ್ಣಿನ ಡಾಕ್ಟರ್ ಜೊತೆ ಒಂದು ಫೋನ್ ಇನ್ ಬರ್ತಿತ್ತು ಒಂದ್ಸಲ, ನನ್ನ ಸ್ನೇಹಿತರೊಬ್ರು ಪ್ರಶ್ನೆ ಕೇಳ್ಬೇಕು ಅಂತ ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿದ್ರು, ಅರ್ಧ ಗಂಟೆ ಮುಗಿಯೋವರೆಗೂ ನಂಬರ್ ಬಾಯಲ್ಲಿ ಬರಲೇ ಇಲ್ಲ. ಕಣ್ಣಿನ ಕಾರ್ಯಕ್ರಮದಲ್ಲಿ.

ನ್ಯೂಸಲ್ಲಿ ಬ್ರೇಕಿಂಗ್ ಅಂತ ಸೌಂಡ್ ಬರುತ್ತೆ, ಏನು ಬ್ರೇಕ್ ಆಯ್ತು ಅಂತ ಅಕ್ಷರದಲ್ಲಿ ಇರುತ್ತೆ, ಆ್ಯಂಕರ್ ಹಿಂದಿನ ವಿಷಯನೇ ಮಾತಾಡ್ತಿರ್ತಾರೆ. ವೋಟ್ ಎಣಿಕೆ ದಿನ ಅಂತೂ "ಸ್ಕ್ರೀನ್ ಮೇಲೆ ನೋಡ್ತಿದೀರ, ಹೀಗಿದೆ ಪರಿಸ್ಥಿತಿ" ಅಂತಾರೆ, ಹೇಗಿದೆ ಪರಿಸ್ಥಿತಿ? ಹತ್ತು ನಿಮಿಷಕ್ಕೊಂದು ಸಲ ಪಕ್ಷದ ಹೆಸರು, ಸೀಟು, ಬಾಯಲ್ಲಿ ಹೇಳಿ. ಯಾರಾದ್ರೂ ತಮಿಳಲ್ಲೋ ಹಿಂದಿಯಲ್ಲೋ ಮಾತಾಡಿದ ಬೈಟ್ ಹಾಕಿ ಕೆಳಗೆ ಕನ್ನಡದಲ್ಲಿ ಬರೀತೀರ, ಅದನ್ನ ಓದಿ ಹೇಳೋರಿಲ್ಲ, ಮೇಲೆ ಒಂದು ಕನ್ನಡ ದನಿ ಹಾಕಿದ್ರೆ ಓದೋಕೆ ಬರದ ಅಜ್ಜಿಗೂ ಆಗುತ್ತೆ. ಅಡುಗೆ ಕಾರ್ಯಕ್ರಮದಲ್ಲಿ "ಇಷ್ಟು ಹುಣಸೆಹಣ್ಣು ಹಾಕಿ, ಈ ಬಣ್ಣ ಬರೋವರೆಗೂ ಹುರೀರಿ". ಎಷ್ಟು? ನಿಂಬೆಹಣ್ಣಿನ ಗಾತ್ರ ಅನ್ನಿ, ಘಮ ಬರೋವರೆಗೂ ಅನ್ನಿ, ನಮ್ಮಮ್ಮಂದಿರು ಹಾಗೇ ತಾನೇ ಹೇಳ್ಕೊಟ್ಟಿದ್ದು.

ಕ್ರಿಕೆಟ್ ವಿಷಯಕ್ಕೆ ಬಂದ್ರೆ ನಾನು ಸ್ವಲ್ಪ ಭಾವುಕ ಆಗ್ತೀನಿ. ರೇಡಿಯೋದಲ್ಲಿ ಕಾಮೆಂಟರಿ ಹೇಳೋರು ಬೌಲರ್ ಎಲ್ಲಿಂದ ಓಡಿ ಬಂದ, ಚೆಂಡು ಎಲ್ಲಿ ಬಿತ್ತು, ಯಾವ ಕಡೆ ಹೋಯ್ತು, ಯಾರು ಓಡಿ ತಡೆದ್ರು ಎಲ್ಲಾ ಹೇಳ್ತಿದ್ರು. ಟಿವಿಯಲ್ಲಿ "ಅಬ್ಬಾ, ಏನ್ ಶಾಟ್!" ಅಂತಾರೆ, ಆಮೇಲೆ ಜನರ ಕೂಗು, ಆಮೇಲೆ ಜಾಹೀರಾತು. ನಾಲ್ಕಾ ಆರಾ ಅಂತಾನೂ ಎಷ್ಟೋ ಸಲ ಹೇಳಲ್ಲ. ಟಿವಿ ಮ್ಯೂಟ್ ಮಾಡಿ ರೇಡಿಯೋ ಹಾಕ್ಕೋ ಅಂತ ಸಲಹೆ ಕೊಡೋರಿದಾರೆ, ಆದ್ರೆ ಡಿಶ್‌ನಲ್ಲಿ ಚಿತ್ರ ಬರೋದು ಕೆಲವು ಸೆಕೆಂಡ್ ಲೇಟು, ಮನೆಯವರ ಜೊತೆ ಕೂತಾಗ ರೇಡಿಯೋ ಕೇಳ್ತಿರೋ ನಾನು ಔಟ್ ಅಂತ ಮೊದಲೇ ಕೂಗ್ಬಿಡ್ತೀನಿ, ನನ್ನ ಮಗ ಅಪ್ಪಾ ಪ್ಲೀಸ್ ಅಂತ ಬೇಡ್ಕೊಳ್ತಾನೆ. ಒಟ್ಟಿಗೆ ಕೂತು ಒಂದೇ ಕ್ಷಣಕ್ಕೆ ಕೂಗೋದು ಇದೆಯಲ್ಲ, ಟಿವಿ ಅಂದ್ರೆ ನನಗೆ ಅದು.

ಇಷ್ಟೆಲ್ಲಾ ಆಗೋಕೂ ಮೊದಲು ಟಿವಿ ಆನ್ ಆಗಿ ಬೇಕಾದ ಚಾನೆಲ್ ಬರಬೇಕಲ್ಲ. ರಿಮೋಟಲ್ಲಿ 5ರ ಮೇಲೆ ಒಂದು ಚಿಕ್ಕ ಚುಕ್ಕಿ ಎದ್ದಿರುತ್ತೆ, ಮನೆಗೆ ಹೋಗಿ ಮುಟ್ಟಿ ನೋಡಿ, ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಆ ಚುಕ್ಕಿ ಹಿಡ್ಕೊಂಡು ನಾವು ನಂಬರ್‌ಗಳನ್ನ ಬಾಯಿಪಾಠ ಮಾಡಿರ್ತೀವಿ. ಒಂದು ದಿನ ಬೆಳಿಗ್ಗೆ ಚಾನೆಲ್ ನಂಬರೆಲ್ಲಾ ಬದಲಾಗಿರುತ್ತೆ, ಯಾವುದು ಎಲ್ಲಿಗೆ ಹೋಯ್ತು ಅಂತ ಸೆಟ್ ಟಾಪ್ ಬಾಕ್ಸ್ ಪರದೆ ಮೇಲೆ ಬರೆದು ತೋರಿಸುತ್ತೆ, ಬಾಯಿ ಬಿಡಲ್ಲ. ಮನೇಲಿ ಎರಡು ರಿಮೋಟು, ಒಂದು ಟಿವಿದು ಒಂದು ಬಾಕ್ಸಿಂದು, ತಪ್ಪಿ ಟಿವಿ ರಿಮೋಟಲ್ಲಿ ಸೋರ್ಸ್ ಬಟನ್ ಒತ್ತಿದ್ರೆ ಸದ್ದೇ ಹೋಗುತ್ತೆ, ಕರೆಂಟ್ ಹೋಯ್ತಾ, ಟಿವಿ ಕೆಟ್ಟೋಯ್ತಾ, ನಾನೇನಾದ್ರೂ ಒತ್ತಿದ್ನಾ ಗೊತ್ತಾಗಲ್ಲ. ಹಾಗೆ ಒಂದು ಮಧ್ಯಾಹ್ನ ಪೂರ್ತಿ ಮನೇಲಿ ಒಬ್ನೇ ಕೂತಿದೀನಿ.

ಸ್ಮಾರ್ಟ್ ಟಿವಿಗಳಲ್ಲಿ ಇದು ಎಷ್ಟೋ ಸುಧಾರಿಸಿದೆ. ಆಂಡ್ರಾಯ್ಡ್ ಟಿವಿಯಲ್ಲಿ ಟಾಕ್‌ಬ್ಯಾಕ್, ಸ್ಯಾಮ್‌ಸಂಗ್‌ನಲ್ಲಿ ವಾಯ್ಸ್ ಗೈಡ್, ಅಮೆಜಾನ್ ಫೈರ್ ಟಿವಿಯಲ್ಲಿ ವಾಯ್ಸ್‌ವ್ಯೂ, ಆಪಲ್ ಟಿವಿಯಲ್ಲಿ ವಾಯ್ಸ್‌ಓವರ್, ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ ಅಂತ ಇರುತ್ತೆ ಅಲ್ಲಿ ಹುಡುಕಿ. ಆನ್ ಮಾಡಿದ್ರೆ ಮೆನು ಓದಿ ಹೇಳುತ್ತೆ. ನಿಮ್ಮ ಮನೇಲಿ ಅಜ್ಜ ಅಜ್ಜಿಗೆ ಕಣ್ಣು ಮಂಜಾಗಿದ್ರೆ ಇವತ್ತೇ ಆನ್ ಮಾಡ್ಕೊಡಿ. ಆದ್ರೆ ಆ್ಯಪ್ ಮಾಡಿದೋರು ಬಟನ್‌ಗಳಿಗೆ ಹೆಸರು ಕೊಡದೇ ಬಿಟ್ಟಿದ್ರೆ ಅದು ಪಾಪ ಏನ್ ಮಾಡುತ್ತೆ, "ಬಟನ್, ಬಟನ್, ಬಟನ್" ಅಂತ ಹೇಳ್ಕೊಂಡು ಹೋಗುತ್ತೆ. ಲಾಗಿನ್ ಆಗೋಕೆ ಪರದೆ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದ್ರೆ ಅದು ಎಲ್ಲಿದೆ ಅಂತ ಗೊತ್ತಾಗದೇ ಫೋನ್ ಹಿಡ್ಕೊಂಡು ಗೋಡೆ ತುಂಬ ಹುಡುಕ್ತೀವಿ.

ಪೂರ್ತಿ ಕಾಣದವರಿಗಿಂತ ಅರೆಬರೆ ಕಾಣೋರು ಜಾಸ್ತಿ, ಅವರದ್ದು ಬೇರೆ ಕಥೆ. ಚಿಕ್ಕೋನಿದ್ದಾಗ "ಅಷ್ಟು ಹತ್ರ ಕೂತು ನೋಡಿ ನೋಡಿನೇ ನಿನ್ನ ಕಣ್ಣು ಹಾಳಾಗಿದ್ದು" ಅಂತ ಬಂದೋರೆಲ್ಲ ಬೈಯೋರು. ಹತ್ರ ಕೂತಿದ್ದಕ್ಕೆ ಹಾಳಾಗಲಿಲ್ಲ, ಹಾಳಾಗಿತ್ತು ಅಂತ ಹತ್ರ ಕೂತೆ. ದೂರ ಅರ್ಧ ಆದ್ರೆ ಚಿತ್ರ ಕಣ್ಣಿಗೆ ಎರಡರಷ್ಟು ದೊಡ್ಡದಾಗುತ್ತೆ, ಅಷ್ಟೇ ಲೆಕ್ಕ. ಆ ಮಕ್ಕಳನ್ನ ದಯವಿಟ್ಟು ಎಬ್ಬಿಸಬೇಡಿ. ಗ್ರಾಫಿಕ್ಸ್ ಕಡೆ ಹೋಗೋರಿಗೆ ಒಂದು ಮಾತು. ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತಕ್ಷರ ಇದೆ, ಪಕ್ಕಕ್ಕೆ ದೀರ್ಘ ಇದೆ, ಇಂಗ್ಲಿಷ್ ಫಾಂಟಿನ ಸೈಜೇ ಇಟ್ರೆ ಒತ್ತು ಸೊಳ್ಳೆ ಥರ ಆಗುತ್ತೆ, ಅದೂ ಕೆಳಗೆ ಓಡೋ ಪಟ್ಟಿಯಲ್ಲಿ, ಕೆಂಪಿನ ಮೇಲೆ ಹಳದಿ, ಪಕ್ಕದಲ್ಲಿ ಇನ್ನೊಂದು ಮಿನುಗ್ತಾ ಇರುತ್ತೆ. ಕಪ್ಪಿನ ಮೇಲೆ ಬಿಳಿ ಅಥವಾ ಹಳದಿ, ದಪ್ಪ ಅಕ್ಷರ, ಒಂದ್ಸಲಕ್ಕೆ ಒಂದೇ ಪಟ್ಟಿ, ಸ್ವಲ್ಪ ಹೊತ್ತು ನಿಲ್ಲಲಿ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದೋರು, ಪೊರೆ ಬಂದೋರು ಇವರೆಲ್ಲ ನಿಮ್ಮ ದೊಡ್ಡ ಪ್ರೇಕ್ಷಕರೇ.

2011ರ ಜನಗಣತಿ ಲೆಕ್ಕದಲ್ಲಿ ನೋಡೋ ತೊಂದರೆ ಇರೋರು ದೇಶದಲ್ಲಿ 50 ಲಕ್ಷಕ್ಕೂ ಜಾಸ್ತಿ, ಕರ್ನಾಟಕದಲ್ಲಿ ಸುಮಾರು 2.64 ಲಕ್ಷ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 42ನೇ ಸೆಕ್ಷನ್ ತೆಗೆದು ನೋಡಿ, ಎಲೆಕ್ಟ್ರಾನಿಕ್ ಮಾಧ್ಯಮ ನಮಗೂ ಸಿಗೋ ಹಾಗೆ ಆಡಿಯೋ ಡಿಸ್ಕ್ರಿಪ್ಷನ್, ಸನ್ನೆ ಭಾಷೆ, ಕ್ಯಾಪ್ಷನ್ ಇರಬೇಕು ಅಂತ ಹೆಸರು ಹಿಡಿದೇ ಬರೆದಿದೆ. 2019ರಲ್ಲಿ ಟಿವಿ ಕಾರ್ಯಕ್ರಮಗಳಿಗೆ ಅಂತ ಕೇಂದ್ರದವರು ಮಾನದಂಡ ತಂದ್ರು, ಅದು ಕಿವಿ ಕೇಳದವರಿಗೋಸ್ಕರ. ಅವರಿಗೆ ಸಿಕ್ಕಿದ್ದು ನನಗೆ ನಿಜವಾಗ್ಲೂ ಸಂತೋಷ, ನಮ್ಮ ಸರದಿ ಬರಬೇಕು. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಪಠಾಣ್ ಸಿನಿಮಾ ಒಟಿಟಿಗೆ ಬರೋವಾಗ ಹಿಂದಿ ಎಡಿ ಮಾಡಿ ಅಂತ ನಿರ್ಮಾಪಕರಿಗೆ ಹೇಳ್ತು, ಕೇಸ್ ಹಾಕಿದವರಲ್ಲಿ ಕಣ್ಣು ಕಾಣದ ಒಬ್ಬ ಕಾನೂನು ವಿದ್ಯಾರ್ಥಿ ಇದ್ರು, ನಿಮ್ಮ ವಯಸ್ಸಿನೋರು. 2024ರ ಮಾರ್ಚಲ್ಲಿ ಥಿಯೇಟರ್ ಸಿನಿಮಾಗಳಲ್ಲೂ ಇಂಥ ಸೌಲಭ್ಯ ಇರಬೇಕು ಅಂತ ಮಾರ್ಗಸೂಚಿ ಬಂತು. ಅದೇ ವರ್ಷ ನವೆಂಬರ್ 8ಕ್ಕೆ ಸುಪ್ರೀಂ ಕೋರ್ಟ್ ಇನ್ನೊಂದು ಕೇಸಲ್ಲಿ, ಈ ಥರ ನಿಯಮಗಳು ಬರೀ ಸಲಹೆ ಆಗಿದ್ರೆ ಸಾಲದು, ಕಡ್ಡಾಯದ ನಿಯಮ ಇರಬೇಕು ಅಂತ ಹೇಳ್ತು. ಹಿಂದಿ ಸಿನಿಮಾಗಳಿಗೆ ದೆಹಲಿಯ ಸಕ್ಷಮ್ ಟ್ರಸ್ಟ್‌ನವರು ಎಡಿ ಮಾಡ್ತಾರೆ, ಎಕ್ಸ್‌ಎಲ್ ಸಿನಿಮಾ ಅಂತ ಆ್ಯಪ್ ಇದೆ, ಥಿಯೇಟರಲ್ಲಿ ಇಯರ್‌ಫೋನ್ ಹಾಕ್ಕೊಂಡ್ರೆ ಸಿನಿಮಾ ಜೊತೆಜೊತೆಗೇ ವಿವರಣೆ ಬರುತ್ತೆ. ಹಿಂದಿಯಲ್ಲಿ ಹಾಗೆ ನೋಡಿ ಹೊರಗೆ ಬಂದಾಗ ನನ್ನ ಹೆಂಡ್ತಿ ಗಮನಿಸದೇ ಇದ್ದಿದ್ದನ್ನ ನಾನು ಹೇಳ್ದೆ. ಆದ್ರೆ ಅದು ಹಿಂದಿ. ನನಗೆ ಸಿಟ್ಟು ಬರೋದು, ಅಳು ಬರೋದು ಎಲ್ಲಾ ಕನ್ನಡದಲ್ಲಿ.

ಟಿವಿಗೆ ತಾಂತ್ರಿಕವಾಗಿ ಏನ್ ಕಷ್ಟ ಅಂತ ಕೇಳಿದ್ರೆ, ದಾರಿ ಆಗಲೇ ಇದೆ. ಕೆಲವು ಚಾನೆಲ್‌ಗಳಲ್ಲಿ ರಿಮೋಟಿನ ಭಾಷೆ ಬಟನ್ ಒತ್ತಿದ್ರೆ ಹಿಂದಿ, ಇಂಗ್ಲಿಷ್, ತಮಿಳು ಅಂತ ಆಡಿಯೋ ಬದಲಾಗುತ್ತಲ್ಲ, ಅದೇ ಥರ ಇನ್ನೊಂದು ಆಡಿಯೋ, "ಕನ್ನಡ ವಿವರಣೆ ಸಮೇತ" ಅಂತ. ವಾರಕ್ಕೆ ಆರು ದಿನ ಬರೋ ಸೀರಿಯಲ್‌ಗೆ ಇವತ್ತು ಶೂಟ್ ಆಗಿ ನಾಳೆ ಪ್ರಸಾರ ಅನ್ನೋ ಅವಸರ ಇರುತ್ತೆ, ಅದು ನಿಜವಾದ ತೊಂದರೆ, ಅದಕ್ಕೆ ಕಂಪ್ಯೂಟರ್ ದನಿಯಲ್ಲಿ ಓದಿಸಿದ್ರೂ ನಾನು ತಗೊಳ್ತೀನಿ, ಫೋನಲ್ಲಿ ದಿನವಿಡೀ ಆ ದನಿನೇ ಕೇಳಿ ನಮಗೆ ಅಭ್ಯಾಸ. ಸಿನಿಮಾಗೆ ಮಾತ್ರ ಮನುಷ್ಯರ ದನಿ ಬೇಕು ಅಂತ ನನ್ನ ಆಸೆ. ಇಷ್ಟು ಕಮ್ಮಿ ಜನಕ್ಕೆ ಇಷ್ಟೆಲ್ಲಾ ಯಾಕೆ ಅನ್ನೋರಿಗೆ ರಾತ್ರಿ ಎಂಟೂವರೆಗೆ ಯಾವ ಮನೆಗಾದ್ರೂ ಹೋಗಿ ನೋಡಿ ಅಂತೀನಿ. ಟಿವಿ ನಡುಮನೇಲಿ, ನೋಡ್ಬೇಕಾದೋರು ಅಡುಗೆಮನೇಲಿ ಚಪಾತಿ ಲಟ್ಟಿಸ್ತಾ "ಯಾರೇ ಬಂದಿದ್ದು" ಅಂತ ಕೂಗಿ ಕೇಳ್ತಿರ್ತಾರೆ. ನಮ್ಮಕ್ಕನೂ ಈಗ ಹಾಗೇ, ಕಣ್ಣು ಚೆನ್ನಾಗೇ ಇದೆ.

ಮಾತು ಮುಗಿದ ಮೇಲೆ ಒಬ್ಳು ಹುಡುಗಿ, "ಸರ್, ಆ ಒಂದು ನಿಮಿಷಕ್ಕೆ ನಾವೇ ಬರೆದು ನೋಡ್ಲಾ" ಅಂದ್ಲು. ಲ್ಯಾಪ್‌ಟಾಪಲ್ಲಿ ಚಿತ್ರ ಹಾಕ್ಕೊಂಡು ನಾಲ್ಕು ಜನ ಕೂತ್ರು, ಇಪ್ಪತ್ತೈದು ನಿಮಿಷ ಹಿಡೀತು, ಎಷ್ಟು ಸಲ ಜಗಳ ಆಡಿದ್ರೋ, ಫೋಟೋ ಮೊದಲಾ ಮುಖ ಮೊದಲಾ ಅಂತ. ಆಮೇಲೆ ಕ್ಲಿಪ್ ಮತ್ತೆ ಹಾಕಿ ಅವಳು ಜೊತೆಗೆ ಓದಿದ್ಲು. "ಬಾಗಿಲು ತೆಗೀತಾಳೆ. ಹೊಸಿಲಾಚೆ ತಂಗಿ. ಅಕ್ಕನ ಕೈಯಿಂದ ಫೋಟೋ ಜಾರುತ್ತೆ." ಮೂರು ಢಂ ಬಂದಾಗ ಮೂರು ಮುಖನೂ ಬಂತು. ನಾನು ಚೆನ್ನಾಗಿದೆ ಅಂತ ಹೇಳಿ, ತಂಗಿ ಯಾವ ಸೀರೆ ಉಟ್ಟಿದಾಳೆ ಅಂತ ಕೇಳ್ದೆ. ಎಲ್ರೂ ಸುಮ್ನಾದ್ರು, ಅವರಿಗೆ ಅದು ಮುಖ್ಯ ಅನ್ನಿಸಿರಲಿಲ್ಲ. ಇನ್ನೊಂದ್ ಸಲ ನೋಡಿ, ಎಲ್ಲಿ ಜಾಗ ಸಿಗುತ್ತೆ ಅಂತ ಲೆಕ್ಕ ಹಾಕಿ, ಗೆಜ್ಜೆ ಸದ್ದು ಮುಗಿದು "ನೀನಾ" ಅನ್ನೋಕೆ ಮುಂಚೆ ಮೂರೂವರೆ ಸೆಕೆಂಡ್ ಇದೆ ಅಂತ ಕಂಡುಹಿಡಿದ್ರು. ಮತ್ತೆ ಹಾಕಿದ್ರು. ಬಾಗಿಲ ಸದ್ದು, ಗೆಜ್ಜೆ.

"ಹೊಸಿಲಾಚೆ ತಂಗಿ. ಬಿಳಿ ಸೀರೆ, ನೀಲಿ ಅಂಚು."